ಒಂದು ಬಜೆಟ್ ಇದ್ದದ್ದು ಐದಾಯಿತು: ಬೆಂಗಳೂರಿನ ದುಡ್ಡಿನ ಲೆಕ್ಕ ಕೂತು ಓದೋಣ ಬನ್ನಿ

ವಿಜಯನಗರ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ವಿಜಯನಗರದವಳು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಪ್ರತಿ ವರ್ಷ ಪಾಲಿಕೆಯ ಬಜೆಟ್ ಪುಸ್ತಕ ಇಳಿಸಿಕೊಂಡು ಪೆನ್ಸಿಲ್ ಹಿಡಿದು ಓದುತ್ತೇನೆ. ಈ ಸಲ ಒಬ್ಬಳೇ ಓದುವುದು ಬೇಡ ಅನ್ನಿಸಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇಡೀ ಬೆಂಗಳೂರಿಗೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ ಈಗ ಇಲ್ಲ. 2025ರ ಸೆಪ್ಟೆಂಬರ್ 2ರಿಂದ ಅದರ ಜಾಗದಲ್ಲಿ ಐದು ಪಾಲಿಕೆಗಳಿವೆ: ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಇವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಅಂದರೆ ಒಂದು ಪುಸ್ತಕ ಇದ್ದ ಕಡೆ ಐದು ಪುಸ್ತಕ.

ಬಿಬಿಎಂಪಿಯ ಕೊನೆಯ ಬಜೆಟ್, 2025-26ರದ್ದು, 19,930 ಕೋಟಿ ರೂಪಾಯಿ. ಅದರ ಹಿಂದಿನ ವರ್ಷದ್ದು 12,369 ಕೋಟಿ. ಒಂದೇ ವರ್ಷದಲ್ಲಿ ಏಳೂವರೆ ಸಾವಿರ ಕೋಟಿ ಜಾಸ್ತಿ. ಎಲ್ಲರ ಬಾಯಲ್ಲೂ ಈ ದೊಡ್ಡ ಸಂಖ್ಯೆಯೇ.

ನಾನು ಮೊದಲು ನೋಡುವುದು ಬೇರೆ ಸಾಲು. ಮನೆ ಕಂದಾಯ, ಅಂದರೆ ಆಸ್ತಿ ತೆರಿಗೆ, 2024-25ರಲ್ಲಿ ಇಡೀ ಊರಿಂದ ಬಂದದ್ದು ಸುಮಾರು 4,900 ಕೋಟಿ. ಬಿಬಿಎಂಪಿ ಅಲ್ಲಿಯವರೆಗೆ ಅಷ್ಟು ವಸೂಲಿ ಮಾಡಿರಲಿಲ್ಲ. ಆದರೂ 19,930ರ ಪಕ್ಕ ಇಟ್ಟರೆ ಅದು ಕಾಲು ಭಾಗ. ನಕ್ಷೆ ಮಂಜೂರಾತಿ, ಬೆಟರ್‌ಮೆಂಟ್ (ಅಭಿವೃದ್ಧಿ) ಶುಲ್ಕ, ಖಾತಾ ಶುಲ್ಕ ಅಂತ ಇನ್ನೊಂದಷ್ಟು ಬರುತ್ತದೆ. ಮಿಕ್ಕದ್ದಕ್ಕೆ ರಾಜ್ಯ ಸರ್ಕಾರದ ಕಡೆ, ಕೇಂದ್ರದ ಕಡೆ, ಸಾಲದ ಕಡೆ ನೋಡಬೇಕು. 2025ರ ಮಾರ್ಚ್‌ನ ರಾಜ್ಯ ಬಜೆಟ್‌ನಲ್ಲಿ ಬೆಂಗಳೂರಿಗೆ ಕೊಡುವ ವರ್ಷದ ಅನುದಾನವನ್ನು 3,000 ಕೋಟಿಯಿಂದ 7,000 ಕೋಟಿಗೆ ಏರಿಸುವುದಾಗಿ ಹೇಳಿದರು. ಪಾಲಿಕೆ ಬಜೆಟ್ ಅಷ್ಟು ಉಬ್ಬಿದ್ದು ಯಾಕೆ ಅಂತ ಇದರಿಂದಲೇ ಅರ್ಧ ಗೊತ್ತಾಗುತ್ತದೆ.

ಮಗ ತನ್ನ ದುಡಿಮೆಯಿಂದ ಕಾಲು ಭಾಗ ಖರ್ಚು ನೋಡಿಕೊಂಡು, ಮಿಕ್ಕದ್ದಕ್ಕೆ ಅಪ್ಪನ ಹತ್ತಿರ ಕೈ ಚಾಚಿದರೆ ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ? ನನಗೆ ಕಾಡುವ ಪ್ರಶ್ನೆ ಇದೇ. ನಿಮ್ಮ ಪಾಲಿಕೆ ಯಾವುದು, ಅದರ ಲೆಕ್ಕದಲ್ಲಿ ನೀವು ಏನು ಹುಡುಕುತ್ತೀರಿ, ಬರೆಯಿರಿ.

ಮಹದೇವಪುರ ನಿವಾಸಿ

ಟೀಚರ್, ಒಳ್ಳೆಯ ಕೆಲಸ ಮಾಡಿದಿರಿ. ನಾನು ಪೂರ್ವ ಪಾಲಿಕೆ. ಬಿಬಿಎಂಪಿ ಇದ್ದಾಗ ವಲಯವಾರು ಕಂದಾಯದಲ್ಲಿ ವರ್ಷ ವರ್ಷವೂ ಮೊದಲ ಸ್ಥಾನ ಮಹದೇವಪುರದ್ದೇ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರದವರೆಗೆ ಹೊರವರ್ತುಲ ರಸ್ತೆಯ ಎರಡೂ ಬದಿ ಆಫೀಸುಗಳು, ಆಚೆ ವೈಟ್‌ಫೀಲ್ಡ್. ದುಡ್ಡು ಇಲ್ಲಿಂದ ಹೋಗುತ್ತಿತ್ತು. ಆದರೆ 2022ರ ಸೆಪ್ಟೆಂಬರ್ ಮಳೆಗೆ ಇದೇ ರಸ್ತೆಯಲ್ಲಿ ಜನ ಟ್ರ್ಯಾಕ್ಟರ್ ಮೇಲೆ ಆಫೀಸಿಗೆ ಹೋದರು. ನಮ್ಮ ಮನೆಯ ನೆಲಮಹಡಿಗೂ ನೀರು ಬಂದಿತ್ತು. ಅಕ್ಕಿ ಡಬ್ಬ, ಮಗಳ ಪುಸ್ತಕ, ಎಲ್ಲ ಮೊದಲ ಮಹಡಿಗೆ ಸಾಗಿಸಿದೆವು. ಅವಳ ಐದನೇ ಕ್ಲಾಸಿನ ಸಮಾಜ ಪುಸ್ತಕದ ಹಾಳೆಗಳು ಇವತ್ತಿಗೂ ಒಂದಕ್ಕೊಂದು ಅಂಟಿಕೊಂಡಿವೆ.

ಈಗ ನಮ್ಮ ಕಂದಾಯ ನಮ್ಮ ಪಾಲಿಕೆಗೇ ಉಳಿಯುತ್ತದೆ ಎನ್ನುತ್ತಾರೆ. ನಾನು ಹುಡುಕುವುದು ಒಂದೇ ಸಾಲು: ಮಳೆನೀರು ಹರಿಯುವ ರಾಜಕಾಲುವೆಗೆ ಎಷ್ಟು ಇಟ್ಟರು, ಹಿಂದಿನ ವರ್ಷ ಇಟ್ಟದ್ದರಲ್ಲಿ ಎಷ್ಟು ಖರ್ಚಾಯಿತು.

ಚಾಮರಾಜಪೇಟೆ ತಾತ

ನಾನು ಲೆಕ್ಕಪತ್ರದ ಕೆಲಸದಲ್ಲೇ ನಿವೃತ್ತನಾದವನು. ವಯಸ್ಸು 71. ಬೆಂಗಳೂರು ಪಾಲಿಕೆಯ ಲೆಕ್ಕದ ಬಗ್ಗೆ ನನಗೆ ಹೆಮ್ಮೆಯೂ ಇದೆ, ನೋವೂ ಇದೆ. ಎರಡನ್ನೂ ಹೇಳುತ್ತೇನೆ.

ಹೆಮ್ಮೆ ಏನೆಂದರೆ, ಭಾರತದಲ್ಲಿ ಬಾಂಡ್ ಹೊರಡಿಸಿ ಜನರಿಂದ ಸಾಲ ಎತ್ತಿದ ಮೊದಲ ನಗರಪಾಲಿಕೆ ನಮ್ಮದೇ. 1997, ಮೊತ್ತ 125 ಕೋಟಿ. ಸರ್ಕಾರದ ಖಾತರಿ ಬೆನ್ನಿಗಿತ್ತು. ಮರುವರ್ಷ ಅಹಮದಾಬಾದ್ ಅಂಥ ಖಾತರಿ ಇಲ್ಲದೆಯೇ 100 ಕೋಟಿ ಎತ್ತಿತು. 2000ದಲ್ಲಿ ಕಂದಾಯವನ್ನು ಮಾಲೀಕರೇ ಲೆಕ್ಕ ಹಾಕಿ ಕಟ್ಟುವ ಸ್ವಯಂ ಘೋಷಣೆ ಪದ್ಧತಿ ಬಂತು. ಅದಕ್ಕೆ ಮೊದಲು ಕಂದಾಯ ನಿಗದಿ ಮಾಡಲು ಇನ್‌ಸ್ಪೆಕ್ಟರ್ ಮನೆಗೆ ಬರಬೇಕಿತ್ತು. 2001ರ ಸುಮಾರಿಗೆ ನಿಧಿ ಆಧಾರಿತ ಲೆಕ್ಕ ಪದ್ಧತಿ ಬಂತು. ಯಾವ ಬಾಬತ್ತಿಗೆ ಎಷ್ಟು ಬಂತು, ಎಷ್ಟು ಹೋಯಿತು ಎನ್ನುವುದು ಕಂಪ್ಯೂಟರಿನಲ್ಲಿ ಕಾಣತೊಡಗಿತು. ಬೇರೆ ಊರಿನವರು ನೋಡಿಕೊಂಡು ಹೋಗಲು ಬರುತ್ತಿದ್ದರು.

2007ರಲ್ಲಿ 100 ವಾರ್ಡಿನ ಹಳೇ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿದರು. ಒಳಚರಂಡಿ ಇಲ್ಲದ, ರಸ್ತೆ ಇಲ್ಲದ ದೊಡ್ಡ ಪ್ರದೇಶ ಒಂದೇ ಏಟಿಗೆ ಹೆಗಲಿಗೆ ಬಂತು. ಆದಾಯ ಆ ವೇಗದಲ್ಲಿ ಬೆಳೆಯಲಿಲ್ಲ, ಸಾಲ ಬೆಳೆಯಿತು. ಕೊನೆಗೆ ಕೆ.ಆರ್. ಮಾರ್ಕೆಟ್, ಮೇಯೋ ಹಾಲ್ ಇಂಥ ಕಟ್ಟಡಗಳನ್ನು ಅಡ ಇಟ್ಟರು. ಮುಂದೆ ಒಂದೊಂದಾಗಿ ಬಿಡಿಸಿಕೊಂಡರು. ಆ ಸುದ್ದಿ ಓದಿದ ದಿನ ನಾನು ಮಾರ್ಕೆಟ್ಟಿಗೆ ಹೂವು ತರಲು ಹೋಗಿದ್ದೆ. ಕಲ್ಲಿನ ಕಮಾನಿನ ಕೆಳಗೆ ನಿಂತು ತಲೆ ಎತ್ತಿ ನೋಡಿದೆ. ಮನೆಯ ಒಡವೆ ಅಂಗಡಿಯವನ ಪೆಟ್ಟಿಗೆಯಲ್ಲಿ ಇದ್ದ ಹಾಗೆ ಅನ್ನಿಸಿತು.

ಅದಕ್ಕೇ ಹೇಳುತ್ತೇನಮ್ಮ, ಐದು ಪುಸ್ತಕದಲ್ಲೂ ಮೊದಲು ಸಾಲದ ಪುಟ ತೆಗೆಯಿರಿ. ಹಳೇ ಬಿಬಿಎಂಪಿಯ ಸಾಲ, ಹಳೇ ಬಿಲ್ಲುಗಳ ಬಾಕಿ ಯಾವ ಪಾಲಿಕೆಯ ತಲೆಗೆ ಎಷ್ಟು ಬಂತು ಎನ್ನುವುದೇ ಮುಂದಿನ ಹತ್ತು ವರ್ಷ ತೀರ್ಮಾನಿಸುತ್ತದೆ.

ಹೊಸಬ ನಾಗರಬಾವಿ

ದಡ್ಡ ಪ್ರಶ್ನೆ ಅನ್ನಿಸಿದರೆ ಕ್ಷಮಿಸಿ. ಕಳೆದ ವರ್ಷವಷ್ಟೇ ಫ್ಲಾಟ್ ತಗೊಂಡೆ. ಈ ಕಂದಾಯ ಲೆಕ್ಕ ಹಾಕುವುದು ಹೇಗೆ? ಮನೆ ಬೆಲೆ ಮೇಲೋ, ಬಾಡಿಗೆ ಮೇಲೋ?

ವಿಜಯನಗರ ಟೀಚರ್

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಇದು ಗೊತ್ತಾದರೆ ಮಿಕ್ಕ ಚರ್ಚೆಯೆಲ್ಲ ಸಲೀಸು.

ಬೆಲೆಯೂ ಅಲ್ಲ, ನಿಜವಾದ ಬಾಡಿಗೆಯೂ ಅಲ್ಲ. ಊರನ್ನು ಎ ಯಿಂದ ಎಫ್ ವರೆಗೆ ಆರು ವಲಯ ಮಾಡಿದ್ದಾರೆ. ಪ್ರತಿ ವಲಯಕ್ಕೂ ಚದರಡಿಗೆ ತಿಂಗಳಿಗೆ ಇಷ್ಟು ಅಂತ ಒಂದು ದರ ಇದೆ. 2008ರಲ್ಲಿ ಬಂದ ಪದ್ಧತಿ ಇದು. 2016ರಲ್ಲಿ ದರವನ್ನು ಮನೆಗಳಿಗೆ ಶೇ. 20, ವ್ಯಾಪಾರದ ಕಟ್ಟಡಗಳಿಗೆ ಶೇ. 25 ಏರಿಸಿದರು.

ನನ್ನ ತಂಗಿಯದೇ ಲೆಕ್ಕ ಹೇಳುತ್ತೇನೆ. ಬಿ ವಲಯ, ಆರ್‌ಸಿಸಿ ಮನೆ, ಸ್ವಂತ ವಾಸ, 1,000 ಚದರಡಿ. ದರ 2 ರೂಪಾಯಿ 40 ಪೈಸೆ. ತಿಂಗಳಿಗೆ 2,400. ವರ್ಷಕ್ಕೆ ಹನ್ನೆರಡಲ್ಲ, ಹತ್ತು ತಿಂಗಳು ಹಿಡಿಯುತ್ತಾರೆ: 24,000. ಕಟ್ಟಡ ಹಳೆಯದಾದಷ್ಟೂ ಸವಕಳಿ ಕಳೆಯುತ್ತಾರೆ, ಅದನ್ನು ಸದ್ಯ ಬಿಡೋಣ. 24,000ದ ಶೇ. 20 ಅಂದರೆ 4,800. ಇದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಸೆಸ್ ಸೇರುತ್ತವೆ. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ. ಸುಮಾರು ಆರು ಸಾವಿರದ ಒಳಗೇ ಮುಗಿಯುತ್ತದೆ. 2025ರ ಏಪ್ರಿಲ್‌ನಿಂದ ಕಸದ ಶುಲ್ಕವೂ ಇದರ ಜೊತೆ ಬಂದಿದೆ. ಅವಳ ಅಳತೆಯ ಮನೆಗೆ ತಿಂಗಳಿಗೆ 50 ರೂಪಾಯಿ.

ಅದೇ ಬೀದಿಯಲ್ಲಿ ಅಂಥದೇ ಮನೆಗೆ ಬಾಡಿಗೆ ತಿಂಗಳಿಗೆ 28,000. ಅಂದರೆ ಇಡೀ ವರ್ಷದ ಕಂದಾಯ ಒಂದು ವಾರದ ಬಾಡಿಗೆಗಿಂತ ಕಡಿಮೆ.

ಬೆಳ್ಳಂದೂರು ಟೆಕ್ಕಿ

ಇಲ್ಲಿಗೆ ನನ್ನದೊಂದು ಮಾತು ಸೇರಿಸುತ್ತೇನೆ. ಇದು ಚದರಡಿ ಲೆಕ್ಕದ ತೆರಿಗೆ, ಆದ್ದರಿಂದ ಊರಿನ ಆರ್ಥಿಕತೆ ಏರಿದರೂ ಇದು ಏರುವುದಿಲ್ಲ, ಬಿದ್ದರೂ ಬೀಳುವುದಿಲ್ಲ. ನಮ್ಮ ಸಂಬಳ ದುಪ್ಪಟ್ಟಾದಾಗ ಪಾಲಿಕೆಗೆ ಒಂದು ರೂಪಾಯಿಯೂ ಜಾಸ್ತಿ ಸಿಗಲಿಲ್ಲ. 2016ರ ನಂತರ ಮೂಲ ದರ ಹಾಗೇ ಇದೆ. ವಸೂಲಿ ಏರಿದ್ದು ಹೊಸ ಕಟ್ಟಡಗಳಿಂದ, ಲೆಕ್ಕಕ್ಕೆ ಸಿಗದ ಆಸ್ತಿಗಳನ್ನು ಹುಡುಕಿದ್ದರಿಂದ, 2024ರಲ್ಲಿ ಬಾಕಿದಾರರಿಗೆ ಕೊಟ್ಟ ಒಂದು ಬಾರಿಯ ರಿಯಾಯಿತಿಯಿಂದ. ಒಂದು ಸಲ ಬರುವ ದುಡ್ಡು ಮುಂದಿನ ವರ್ಷ ಬರುವುದಿಲ್ಲ, ಅಲ್ವಾ? ಬಿ ಖಾತೆಯನ್ನು, ಅಂದರೆ ನಿಯಮದ ಪ್ರಕಾರ ಪೂರ್ತಿ ಸರಿ ಇಲ್ಲದ ಆಸ್ತಿಯ ದಾಖಲೆಯನ್ನು, ಸಕ್ರಮವಾದ ಎ ಖಾತೆ ಮಾಡಿಕೊಳ್ಳಲು ಕಟ್ಟಿಸಿಕೊಳ್ಳುವ ದುಡ್ಡೂ ಅಂಥದೇ. ಅದನ್ನು ನಂಬಿಕೊಂಡು ಪ್ರತಿ ವರ್ಷದ ಖರ್ಚು ಕಟ್ಟಬಾರದು.

ಇನ್ನು ಮುಂದಿನ ದಿನಗಳ ಬಗ್ಗೆ. ನಮ್ಮ ಕಡೆ ವಾತಾವರಣ ಎರಡು ಥರ ಇದೆ. ವಿದೇಶಿ ಕಂಪನಿಗಳ ಸ್ವಂತ ಕೇಂದ್ರಗಳು, ಜಿಸಿಸಿ ಅನ್ನುತ್ತೇವಲ್ಲ, ಅವು ಬರುತ್ತಲೇ ಇವೆ. 2029ರೊಳಗೆ ಹೊಸದಾಗಿ 500 ತರಬೇಕು ಅಂತ ರಾಜ್ಯ 2024ರಲ್ಲಿ ನೀತಿಯನ್ನೇ ಮಾಡಿದೆ. ಇನ್ನೊಂದು ಕಡೆ ಹಳೇ ಐಟಿ ಸೇವಾ ಕಂಪನಿಗಳಲ್ಲಿ ಆತಂಕ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇ. 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಸೆಪ್ಟೆಂಬರ್‌ನಲ್ಲಿ ಅಮೆರಿಕ ಹೊಸ ಎಚ್-1ಬಿ ಕೆಲಸದ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ಹಾಕಿತು. ಆ ವಾರ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಬೇರೆ ಮಾತೇ ಇರಲಿಲ್ಲ. ಹೊಸ ಹುಡುಗರಿಗೆ ಕೆಲಸ ಸಿಗುವುದು ಕಷ್ಟವಾಗಿದೆ. ಅವರು ಬಾರದಿದ್ದರೆ ಪಿಜಿಗಳು ಖಾಲಿ, ದರ್ಶಿನಿ ಖಾಲಿ, ಆಟೋ ಖಾಲಿ. ಪಾಲಿಕೆಯ ಕಂದಾಯಕ್ಕೆ ಇದರ ಬಿಸಿ ತಟ್ಟುವುದು ತಡವಾಗಿ. ಮೊದಲು ಹೊಸ ಕಟ್ಟಡಗಳ ನಕ್ಷೆ ಶುಲ್ಕ ಕಡಿಮೆಯಾಗುತ್ತದೆ, ಮಿಕ್ಕದ್ದು ಆಮೇಲೆ. ಹಾಗಾಗಿ ನಾನು ನೋಡುವುದು ನಕ್ಷೆ ಶುಲ್ಕದ ಅಂದಾಜು. ಅದನ್ನು ಜಾಸ್ತಿ ಹಿಡಿದಿದ್ದರೆ ಬಜೆಟ್ ನೆಲದ ಮೇಲಿಲ್ಲ ಅಂತಲೇ ನನ್ನ ಎಣಿಕೆ.

ಪೀಣ್ಯ ವರ್ಕ್‌ಶಾಪ್

ಸಾಫ್ಟ್‌ವೇರ್ ಬಿಟ್ಟು ಬೇರೆ ಬೆಂಗಳೂರೂ ಇದೆ ಸ್ವಾಮಿ. ಪೀಣ್ಯದಲ್ಲಿ ನನ್ನದು ಸಣ್ಣ ಶೆಡ್. ಎರಡು ಲೇತ್, ಒಂದು ಮಿಲ್ಲಿಂಗ್ ಮಷೀನ್, ಏಳು ಜನ. ಕೆಲಸ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಮಾಲು ತುಂಬಿದ ಟೆಂಪೋ ನಮ್ಮ ಗೇಟಿನಿಂದ ಮುಖ್ಯ ರಸ್ತೆಗೆ ಹೋಗುವುದರಲ್ಲಿ ಗುಂಡಿಗೆ ಬಿದ್ದು ಎದ್ದು ತಯಾರಾದ ಪೀಸಿನ ಮೇಲೆ ಗೀರು ಬೀಳುತ್ತದೆ. ಈಗ ಪ್ರತಿ ಪೀಸಿಗೂ ಫೋಮ್ ಸುತ್ತುತ್ತೇವೆ. ಆ ಫೋಮಿನ ಖರ್ಚು ನನ್ನ ವರ್ಷದ ಕಂದಾಯಕ್ಕಿಂತ ಹೆಚ್ಚು.

ರಸ್ತೆ ಚೆನ್ನಾಗಿ ಮಾಡಿ ಕೊಡುತ್ತೇವೆ, ಕಂದಾಯ ಸ್ವಲ್ಪ ಜಾಸ್ತಿ ಕೊಡಿ ಅಂದರೆ ನಾನು ಕೊಡುತ್ತೇನೆ. ಯಾರೂ ಹಾಗೆ ಕೂರಿಸಿ ಕೇಳುವುದಿಲ್ಲ.

ಮಾಟುಂಗಾ ಕನ್ನಡಿಗ

ಮುಂಬೈಯಿಂದ ಬರೆಯುತ್ತಿದ್ದೇನೆ. ಇಲ್ಲಿ ಮೂವತ್ತು ವರ್ಷ. ನಮ್ಮ ಮಹಾನಗರಪಾಲಿಕೆಯ 2025-26ರ ಬಜೆಟ್ 74,427 ಕೋಟಿ. ಬೆಂಗಳೂರಿನ ಗೆಳೆಯರು ಇದನ್ನು ಕೇಳಿ ನಿಟ್ಟುಸಿರು ಬಿಡುತ್ತಾರೆ. ಆದರೆ ಎರಡನ್ನೂ ಹಾಗೆ ಪಕ್ಕಪಕ್ಕ ಇಡಬಾರದು. ಇಲ್ಲಿ ಕುಡಿಯುವ ನೀರು ಪಾಲಿಕೆಯದೇ, ಕೆಇಎಂ, ನಾಯರ್ ಇಂಥ ದೊಡ್ಡ ಆಸ್ಪತ್ರೆ, ಮೆಡಿಕಲ್ ಕಾಲೇಜು ಪಾಲಿಕೆಯವೇ. ಬೆಂಗಳೂರಲ್ಲಿ ನೀರು ಜಲಮಂಡಳಿಗೆ, ಬಸ್ಸು ಬಿಎಂಟಿಸಿಗೆ, ಬಡಾವಣೆ ಬಿಡಿಎಗೆ, ಮೆಟ್ರೋ ಬೇರೆ ಕಂಪನಿಗೆ. ಊರಿನ ದುಡ್ಡು ಹತ್ತು ಡಬ್ಬಿಗಳಲ್ಲಿದೆ. ಪಾಲಿಕೆ ಪುಸ್ತಕ ಒಂದು ಡಬ್ಬಿ ಮಾತ್ರ.

ನಿಜವಾದ ವ್ಯತ್ಯಾಸ ಇನ್ನೊಂದು ಕಡೆ ಇದೆ. ಮುಂಬೈಯಲ್ಲಿ 2017ರ ಜುಲೈವರೆಗೆ ಆಕ್ಟ್ರಾಯ್ ಇತ್ತು. ಊರೊಳಗೆ ಬರುವ ಪ್ರತಿ ಲಾರಿ ಮಾಲಿನ ಮೇಲೂ ಪಾಲಿಕೆಗೆ ತೆರಿಗೆ. ಜಿಎಸ್‌ಟಿ ಬಂದಾಗ ಅದು ಹೋಯಿತು. ಆದರೆ ಅದರ ಬದಲಿಗೆ ಪರಿಹಾರ ಕೊಡಬೇಕು ಅಂತ ರಾಜ್ಯ ಕಾನೂನು ಮಾಡಿತು. ತಿಂಗಳು ತಿಂಗಳೂ ದುಡ್ಡು ಬರುತ್ತದೆ. ಪಾಲಿಕೆಯ ಠೇವಣಿ ಒಂದು ಹಂತದಲ್ಲಿ 90 ಸಾವಿರ ಕೋಟಿ ದಾಟಿತ್ತು. ಈಗ ದೊಡ್ಡ ಕಾಮಗಾರಿಗಳಿಗೆ ತೆಗೆಯುತ್ತಿರುವುದರಿಂದ ಇಳಿದಿದೆ. ಕೋಸ್ಟಲ್ ರೋಡನ್ನು ತನ್ನ ದುಡ್ಡಿನಿಂದಲೇ ಕಟ್ಟಿತು.

ಹಾಗಂತ ಇಲ್ಲೂ ಎಲ್ಲ ಸರಿ ಇರಲಿಲ್ಲ. 2022ರ ಮಾರ್ಚ್‌ನಿಂದ ವರ್ಷಗಟ್ಟಲೆ ಆಡಳಿತಾಧಿಕಾರಿಯೇ ಬಜೆಟ್ ಮಂಡಿಸಿ, ಅವರೇ ಒಪ್ಪಿದರು.

ಚಾಮರಾಜಪೇಟೆ ತಾತ

ಮುಂಬೈಯವರೇ, ಸರಿಯಾದ ಜಾಗ ಮುಟ್ಟಿದಿರಿ. ಕರ್ನಾಟಕದಲ್ಲಿ ಆಕ್ಟ್ರಾಯ್ ಹೋದದ್ದು 1979ರಲ್ಲೇ. ನಾಕಾ ಕಟ್ಟೆಗಳಲ್ಲಿ ಲಾರಿಗಳ ಸಾಲು ನಾನು ಕಣ್ಣಾರೆ ನೋಡಿದ್ದೇನೆ, ಹೋದದ್ದು ಒಳ್ಳೆಯದೇ. ಆದರೆ ಅದರ ಜಾಗಕ್ಕೆ ಊರಿಗೇ ಸೇರುವ, ಬೆಳೆಯುವ ತೆರಿಗೆ ಮತ್ತೊಂದು ಬರಲಿಲ್ಲ.

ವೃತ್ತಿ ತೆರಿಗೆ ನೋಡಿ. ತಿಂಗಳಿಗೆ 25,000 ದಾಟಿದ ಸಂಬಳದಿಂದ 200 ರೂಪಾಯಿ ಹಿಡಿಯುತ್ತಾರಲ್ಲ, ಅದು. ವರ್ಷಕ್ಕೆ 2,500ಕ್ಕಿಂತ ಹೆಚ್ಚು ಹಾಕುವಂತಿಲ್ಲ ಅಂತ ಸಂವಿಧಾನದ 276ನೇ ವಿಧಿ ಹೇಳುತ್ತದೆ. ತಮಿಳುನಾಡು, ಕೇರಳದಲ್ಲಿ ಅದನ್ನು ಸ್ಥಳೀಯ ಸಂಸ್ಥೆಯೇ ವಸೂಲಿ ಮಾಡಿ ಇಟ್ಟುಕೊಳ್ಳುತ್ತದೆ. ಚೆನ್ನೈ ಪಾಲಿಕೆಗೆ ಅದು ಒಳ್ಳೆಯ ಆದಾಯ. ಇಲ್ಲಿ ರಾಜ್ಯದ ಖಜಾನೆಗೆ ಹೋಗುತ್ತದೆ. ಇಷ್ಟು ಸಂಬಳದಾರರು ಇರುವ ಊರಿಗೆ ಅದು ಸಿಕ್ಕಿದ್ದರೆ ಎಂದು ಯೋಚಿಸಿ. ವಾಹನ ತೆರಿಗೆಯೂ ಹಾಗೇ. ಗಾಡಿ ಸವೆಸುವುದು ಪಾಲಿಕೆಯ ರಸ್ತೆಯನ್ನು, ತೆರಿಗೆ ಕಟ್ಟುವುದು ಆರ್‌ಟಿಓದಲ್ಲಿ.

ಕಲಬುರಗಿ ಹುಡುಗ

ಎಲ್ಲರದೂ ಓದಿದೆ. ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ಕಡೆಯ ಮಾತೂ ಕೇಳಿರಿ. ರಾಜ್ಯದ ಜಿಲ್ಲೆಗಳ ತಲಾ ಆದಾಯದ ಪಟ್ಟಿಯಲ್ಲಿ ಬೆಂಗಳೂರು ನಗರ ಮೊದಲು, ನಮ್ಮ ಕಲಬುರಗಿ ಕೊನೆ. ಆ ಕೊನೆಯಿಂದ ನೋಡಿದರೆ 7,000 ಕೋಟಿ ಅನುದಾನ ಬೆಂಗಳೂರಿಗೆ ಹೋಗುವುದು ಕಣ್ಣಿಗೆ ಕುಕ್ಕುತ್ತದೆ ರೀ. ನಮ್ಮಲ್ಲಿ ಮೇ ತಿಂಗಳ ಬಿಸಿಲಿಗೆ ನೀರಿನ ಟ್ಯಾಂಕರ್ ಮುಂದೆ ನಮ್ಮವ್ವ ಕೊಡ ಹಿಡಿದು ನಿಲ್ಲುತ್ತಾಳೆ. ನಾನು ಇಲ್ಲಿ ಬೊಮ್ಮನಹಳ್ಳಿಯ ಪಿಜಿಯಲ್ಲಿ ಕೂತು ಸುರಂಗ ರಸ್ತೆಯ ಸುದ್ದಿ ಓದುತ್ತೇನೆ.

ವಿಜಯನಗರ ಟೀಚರ್

ತಮ್ಮಾ, ಬೇಜಾರಿನ ಮಾತೇ ಇಲ್ಲ. ನೀನು ಹೇಳಿದ್ದನ್ನು ಈ ಚರ್ಚೆಯ ನಡುವೆ ಇಡಬೇಕು ಅನ್ನಿಸುತ್ತದೆ.

ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆಯದು. ಇಷ್ಟು ದುಡಿಯುವ ಊರು ತನ್ನ ಚರಂಡಿಗೆ, ಪಾದಚಾರಿ ಮಾರ್ಗಕ್ಕೆ ತಾನೇ ದುಡ್ಡು ಹೊಂದಿಸಿಕೊಳ್ಳಬೇಕು. ಹಾಗೆ ಮಾಡಲು ಅದಕ್ಕೆ ತೆರಿಗೆಯ ದಾರಿ ಬಿಟ್ಟುಕೊಡಬೇಕು, ನಾವೂ ಕಂದಾಯ ಕಟ್ಟಲು ಮನಸ್ಸು ಮಾಡಬೇಕು. ಹಾಗಾದರೆ ರಾಜ್ಯದ ಅನುದಾನ ನಿಮ್ಮ ಅವ್ವನ ನಲ್ಲಿಗೆ ಹೋಗಬಹುದು. ನನ್ನ ತಂಗಿಯ ಮನೆ ಕಂದಾಯ ಒಂದು ವಾರದ ಬಾಡಿಗೆಗಿಂತ ಕಡಿಮೆ ಅಂದೆನಲ್ಲ. ಅದರ ಕೊರತೆಯನ್ನು ಎಲ್ಲೋ ಒಂದು ಕಡೆ ನಿಮ್ಮ ಜಿಲ್ಲೆಯೂ ಹೊರುತ್ತಿದೆ. ನನಗೆ ಇದು ತಪ್ಪು ಅನ್ನಿಸುತ್ತದೆ.

ರಾಜಾಜಿನಗರ ಗೃಹಿಣಿ

ಟೀಚರ್, ಇಲ್ಲಿ ಮಾತ್ರ ನಿಮ್ಮ ಮಾತು ಪೂರ್ತಿ ಒಪ್ಪಲಾರೆ. 2025ರಲ್ಲಿ ಏನೇನು ಏರಿತು ನೋಡಿ. ಫೆಬ್ರವರಿಯಲ್ಲಿ ಮೆಟ್ರೋ ಟಿಕೆಟ್: ಹೆಚ್ಚೆಂದರೆ 60 ಇದ್ದದ್ದು 90 ಆಯಿತು. ಏಪ್ರಿಲ್‌ನಲ್ಲಿ ಕಸದ ಶುಲ್ಕ. ಅದೇ ತಿಂಗಳು ಹತ್ತು ವರ್ಷದ ನಂತರ ನೀರಿನ ದರ, ಇನ್ನು ಮುಂದೆ ಪ್ರತಿ ವರ್ಷ ಶೇ. 3. ನಮ್ಮ ಯಜಮಾನರ ಸಂಬಳ ಒಂದು, ಮನೆಯಲ್ಲಿ ಐದು ಜನ. ನಾನು ಅಡುಗೆಮನೆಯ ಕ್ಯಾಲೆಂಡರ್ ಹಿಂದೆ ಖರ್ಚು ಬರೆದಿಡುತ್ತೇನೆ. ಕಳೆದ ವರ್ಷದ್ದಕ್ಕೂ ಈ ವರ್ಷದ್ದಕ್ಕೂ ಬರೀ ಇಂಥ ಸರ್ಕಾರಿ ಬಾಬತ್ತಲ್ಲೇ ತಿಂಗಳಿಗೆ ಸಾವಿರದ ನೂರು ವ್ಯತ್ಯಾಸ. ಇದರ ಮೇಲೆ ಕಂದಾಯವೂ ಏರಲಿ ಅಂದರೆ ಹೇಗೆ? 2024ರಲ್ಲಿ ಮಾರ್ಗಸೂಚಿ ಬೆಲೆಯ (ನೋಂದಣಿಗೆ ಸರ್ಕಾರ ನಿಗದಿ ಮಾಡುವ ಆಸ್ತಿ ಬೆಲೆ) ಮೇಲೆ ಕಂದಾಯ ಹಾಕಲು ಹೊರಟು, ಜನ ಗಾಬರಿಯಾದ ಮೇಲೆ ತಡೆದರು. ಆ ಗಾಬರಿ ಸುಳ್ಳಲ್ಲ.

ಕೇಳುವ ಮೊದಲು ಲೆಕ್ಕ ತೋರಿಸಲಿ. ನಮ್ಮ ಬೀದಿಗೆ ಹೋದ ವರ್ಷ ಎಷ್ಟು ಖರ್ಚು ಮಾಡಿದಿರಿ ಅಂದರೆ ಹೇಳುವವರು ಬೇಕು. ಹೇಳುವವರು ಯಾರು?

ಮಹದೇವಪುರ ನಿವಾಸಿ

ಅಕ್ಕ ಕೇಳಿದ್ದಕ್ಕೆ ಉತ್ತರ: ಯಾರೂ ಇಲ್ಲ. ಪಾಲಿಕೆಗೆ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. 2021-22ರಿಂದ 2025-26ರವರೆಗೆ ಐದು ಬಜೆಟ್‌ಗಳು ಒಬ್ಬ ಕಾರ್ಪೊರೇಟರ್ ಕೂಡ ಪ್ರಶ್ನೆ ಕೇಳದೆ ಪಾಸಾದವು. 2022ರ ಬಜೆಟ್ ಅಂತೂ ಮಾರ್ಚ್ 31ರ ರಾತ್ರಿ, ಹೆಚ್ಚೂ ಕಡಿಮೆ ಮಧ್ಯರಾತ್ರಿ ಹೊತ್ತಿಗೆ ಹೊರಬಂತು. ನಾನು ಬೆಳಿಗ್ಗೆ ಎದ್ದು ಫೋನ್ ನೋಡಿದಾಗ ಹತ್ತು ಸಾವಿರ ಕೋಟಿಯ ಲೆಕ್ಕ ಆಗಲೇ ಜಾರಿಯಾಗಿತ್ತು.

ಜಯನಗರ ಹಳಬ

ಸದಸ್ಯರು ಇದ್ದಾಗಿನದು ನೆನಪಿದೆ. ತೆರಿಗೆ ಮತ್ತು ಹಣಕಾಸು ಸ್ಥಾಯಿ ಸಮಿತಿ ಅಧ್ಯಕ್ಷರು ಬಜೆಟ್ ಓದುತ್ತಿದ್ದರು. ಆಮೇಲೆ ದಿನಗಟ್ಟಲೆ ಚರ್ಚೆ. ಗಲಾಟೆಯೂ ಆಗುತ್ತಿತ್ತು, ತಮ್ಮ ವಾರ್ಡಿಗೆ ಎಳೆದುಕೊಳ್ಳುವುದೂ ಇತ್ತು. ಆದರೂ ನಮ್ಮ ಪಾರ್ಕಿನ ಬೋರ್‌ವೆಲ್ ವಿಷಯ ಒಮ್ಮೆ ಸಭೆಯಲ್ಲಿ ಎದ್ದು, ಮರುವಾರ ಕೆಲಸ ಶುರುವಾಯಿತು. ಈಗ 198ರ ಜಾಗದಲ್ಲಿ 369 ವಾರ್ಡ್ ಮಾಡಿದ್ದಾರೆ. ವಾರ್ಡ್ ಚಿಕ್ಕದಾದಷ್ಟೂ ಸದಸ್ಯ ಹತ್ತಿರವಾಗುತ್ತಾನೆ. ಕುರ್ಚಿಗಳು ತುಂಬಬೇಕು, ಅಷ್ಟೇ.

ಗುತ್ತಿಗೆದಾರರ ಮಗಳು

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಇವತ್ತು ಬರೆಯುತ್ತೇನೆ.

ನಮ್ಮಪ್ಪ ಸಣ್ಣ ಗುತ್ತಿಗೆದಾರ. ಚರಂಡಿ, ಸ್ಲ್ಯಾಬ್, ಕಲ್ವರ್ಟ್ ಕೆಲಸ. ಬೆಂಗಳೂರಲ್ಲ, ಬೇರೆ ಒಂದು ಊರು, ಹೆಸರು ಬೇಡ. ಕೆಲಸ ಮುಗಿಯಿತು, ಎಂಜಿನಿಯರ್ ಬಂದು ಅಳೆದು ಎಂ.ಬಿ., ಅಂದರೆ ಅಳತೆ ಪುಸ್ತಕದಲ್ಲಿ ಬರೆದರು. ಬಿಲ್ ಆಯಿತು. ದುಡ್ಡು ಬರಲು ಎರಡು ವರ್ಷ ನಾಲ್ಕು ತಿಂಗಳು. ಯಾಕೆ ಅಂದರೆ ಬಜೆಟ್‌ನಲ್ಲಿ ಕಾಮಗಾರಿ ಇತ್ತು, ಖಜಾನೆಯಲ್ಲಿ ದುಡ್ಡು ಇರಲಿಲ್ಲ. ಆದಾಯ ಇಷ್ಟು ಬರುತ್ತದೆ ಅಂತ ಜಾಸ್ತಿ ಬರೆದುಕೊಂಡಿದ್ದರು. ಅದನ್ನು ನಂಬಿ ಕಾಮಗಾರಿಗಳಿಗೆ ಜಾಬ್ ಕೋಡ್, ಅಂದರೆ ಕೆಲಸದ ಸಂಖ್ಯೆ ಕೊಟ್ಟರು. ಆದಾಯ ಅಷ್ಟು ಬರಲಿಲ್ಲ. ಕೆಲಸ ಮಾಡಿದವರು ಸರದಿಯಲ್ಲಿ ನಿಂತರು.

ಆ ಎರಡು ವರ್ಷ ಅಪ್ಪ ಸಿಮೆಂಟ್ ಅಂಗಡಿಯವರಿಗೆ ಬಡ್ಡಿ ಕಟ್ಟಿದರು. ಅಮ್ಮನ ಎರಡೆಳೆ ಸರ ಹೋಯಿತು. ಅದಾದ ಮೇಲೆ ಅಪ್ಪ ಟೆಂಡರ್ ಹಾಕುವಾಗ ಮೊದಲೇ ಆ ಬಡ್ಡಿ ಲೆಕ್ಕಕ್ಕೆ ಹಿಡಿಯುತ್ತಾರೆ. ಎಸ್.ಆರ್., ಅಂದರೆ ಸರ್ಕಾರದ ದರಪಟ್ಟಿಯ ದರಕ್ಕಿಂತ ಮೇಲೆ ಕೂಗುತ್ತಾರೆ. ಎಲ್ಲ ಗುತ್ತಿಗೆದಾರರೂ ಅದನ್ನೇ ಮಾಡುತ್ತಾರೆ. ಆ ಜಾಸ್ತಿ ದುಡ್ಡು ಕೊನೆಗೆ ಕಟ್ಟುವುದು ಕಂದಾಯ ಕೊಡುವವರೇ. ಅಂದಾಜು ಉಬ್ಬಿಸಿ ಬರೆಯುವುದು ಬರೀ ಕಾಗದದ ಮೇಲಿನ ವಿಷಯ ಅಂದುಕೊಳ್ಳಬೇಡಿ. ಮುಂದಿನ ಚರಂಡಿ ಅದರಿಂದಲೇ ದುಬಾರಿಯಾಗುತ್ತದೆ.

ವಿಜಯನಗರ ಟೀಚರ್

ಮಗಳೇ, ನೀನು ಬರೆದದ್ದನ್ನು ಎರಡು ಸಲ ಓದಿದೆ. ನಾನು ವರ್ಷಗಟ್ಟಲೆ ಆ ಪುಸ್ತಕದ ಕಾಲಂಗಳನ್ನು ನೋಡಿದ್ದೇನೆ. ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ. ಈ ಮೂರರ ನಡುವಿನ ಅಂತರದಲ್ಲಿ ಒಬ್ಬ ಅಮ್ಮನ ಸರ ಇದೆ ಅಂತ ನನಗೆ ಹೊಳೆದಿರಲಿಲ್ಲ.

ಪೌರಕಾರ್ಮಿಕರ ಮಗ

ಖರ್ಚಿನ ಬಗ್ಗೆಯೂ ಒಂದು ಒಳ್ಳೆಯ ಮಾತು ಇರಲಿ. 2025ರ ಮೇ 1ರಂದು 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಕೊಟ್ಟರು. ಅದರಲ್ಲಿ ನಮ್ಮಮ್ಮನದೂ ಒಂದು. ಹದಿನೆಂಟು ವರ್ಷ ಗುತ್ತಿಗೆಯಲ್ಲಿ ಗುಡಿಸಿದವರು. ಆ ಪತ್ರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ದೇವರ ಫೋಟೋ ಹಿಂದೆ ಇಟ್ಟಿದ್ದಾರೆ. ಸಂಬಳದ ಖರ್ಚು ಜಾಸ್ತಿ ಆಯಿತು ಅಂತ ಯಾರಾದರೂ ಹೇಳಿದರೆ, ಈ ಊರು ಬೆಳಿಗ್ಗೆ ಆರಕ್ಕೆ ಸ್ವಚ್ಛವಾಗಿರುವುದು ಯಾರಿಂದ ಅಂತ ನೆನಪಿಸಿಕೊಳ್ಳಿ. ಐದು ಪಾಲಿಕೆಗಳಲ್ಲಿ ಯಾವುದಕ್ಕೆ ದುಡ್ಡು ಕಡಿಮೆ ಬಿದ್ದರೂ ಮೊದಲು ಇವರ ಸಂಬಳ ತಡವಾಗಬಾರದು. ನನ್ನ ಭಯ ಅದೊಂದೇ.

ಬೆಳ್ಳಂದೂರು ಟೆಕ್ಕಿ

ಅಮ್ಮನಿಗೆ ನಮ್ಮ ನಮಸ್ಕಾರ ಹೇಳಿ.

ಸುರಂಗದ ಮಾತು ಬಂತಲ್ಲ, ಅದರ ಲೆಕ್ಕ ಇಷ್ಟು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 16.7 ಕಿ.ಮೀ., ಅಂದಾಜು 17,700 ಕೋಟಿ. ಇಡೀ ಊರಿನ ಮೂರೂವರೆ ವರ್ಷದ ಕಂದಾಯಕ್ಕೆ ಸಮ. ಇದನ್ನು ಮಾಡುವುದು ಪಾಲಿಕೆಗಳಲ್ಲ, ಬಿ-ಸ್ಮೈಲ್ ಎಂಬ ಪ್ರತ್ಯೇಕ ಕಂಪನಿ. ಸುರಂಗಗಳಿಗಾಗಿ 19,000 ಕೋಟಿ ಸಾಲಕ್ಕೆ ಖಾತರಿ ನಿಲ್ಲುವುದಾಗಿ ರಾಜ್ಯ ಬಜೆಟ್‌ನಲ್ಲೇ ಹೇಳಿದ್ದರು. ಆ ಸಾಲ ಐದು ಪಾಲಿಕೆಗಳ ಪುಸ್ತಕದಲ್ಲಿ ಕಾಣದೆ ಹೋಗಬಹುದು. ಕಾಣದಿದ್ದ ಮಾತ್ರಕ್ಕೆ ತೀರಿಸುವವರು ಬೇರೆಯವರಾಗುವುದಿಲ್ಲ. ಸುರಂಗ ಬೇಕೋ ಬೇಡವೋ ಎನ್ನುವುದು ಬೇರೆ ಚರ್ಚೆ. ಕಾರಿನವರು ಟೋಲ್ ಕಟ್ಟಿ ಓಡಾಡುವ ರಸ್ತೆಗೆ ಬಸ್ಸಿನವರೂ ಖಾತರಿ ನಿಲ್ಲಬೇಕೇ ಎನ್ನುವುದು ನನ್ನ ಪ್ರಶ್ನೆ.

ಇನ್ನೊಂದು. ಊರಿನ ಆರ್ಥಿಕತೆಯ ಒಳ್ಳೆಯ ಪಾಲು ಪಾಲಿಕೆ ಗಡಿಯ ಆಚೆಗಿದೆ. ವಿಮಾನ ನಿಲ್ದಾಣ, ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆ ಎರಡೂ ಆಚೆಗೆ. ಎಲೆಕ್ಟ್ರಾನಿಕ್ ಸಿಟಿಗೆ ತನ್ನದೇ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಇದೆ. ತೆರಿಗೆ ತಾನೇ ವಸೂಲಿ ಮಾಡಿ, ಶೇ. 30 ಸುತ್ತಲಿನ ಪಂಚಾಯ್ತಿಗಳಿಗೆ ಕೊಟ್ಟು, ಮಿಕ್ಕದ್ದನ್ನು ಅಲ್ಲೇ ಖರ್ಚು ಮಾಡುತ್ತದೆ. ಒಮ್ಮೆ ಅಲ್ಲಿಯ ಪಾದಚಾರಿ ಮಾರ್ಗದ ಮೇಲೆ ನಡೆದು ನೋಡಿ. ಕಟ್ಟಿದ ದುಡ್ಡು ಕಟ್ಟಿದ ಜಾಗದಲ್ಲೇ ಉಳಿದರೆ ಹೇಗಿರುತ್ತದೆ ಅಂತ ಕಾಲಿಗೇ ಗೊತ್ತಾಗುತ್ತದೆ.

ಪೀಣ್ಯ ವರ್ಕ್‌ಶಾಪ್

ನಡೆದು ನೋಡಿದ್ದೇನೆ. ನಮಗೂ ಅಂಥದೊಂದು ಬೇಕು ಅಂತ ಬಹಳ ವರ್ಷದಿಂದ ಕೇಳುತ್ತಿದ್ದೇವೆ.

ರಾಜಾಜಿನಗರ ಗೃಹಿಣಿ

ಆದರೆ ಎಲ್ಲ ಕಡೆ ಹಾಗೆ ಮಾಡಿದರೆ ಆಫೀಸು ಇಲ್ಲದ ಬಡಾವಣೆಗಳ ಗತಿ? ಪೂರ್ವಕ್ಕೆ 50 ವಾರ್ಡ್, ದೊಡ್ಡ ಆಫೀಸುಗಳು. ನಮ್ಮ ಪಶ್ಚಿಮಕ್ಕೆ 112 ವಾರ್ಡ್, ಹಳೇ ಮನೆಗಳು, ಸಣ್ಣ ಅಂಗಡಿಗಳು. ಅವರಿಗೂ ನಮಗೂ ದುಡ್ಡು ಒಂದೇ ಥರ ಸಿಗಬೇಕು ಅಂದರೆ ಯಾರೋ ಹಂಚಬೇಕಲ್ಲ?

ಚಾಮರಾಜಪೇಟೆ ತಾತ

ಹಂಚಲೇಬೇಕಮ್ಮ. ಕಡಿಮೆ ಬಿದ್ದ ಪಾಲಿಕೆಗೆ ಅನುದಾನದಿಂದ ತುಂಬಿಕೊಡುತ್ತೇವೆ ಎನ್ನುತ್ತಾರೆ. ಆ ಹಂಚಿಕೆಗೆ ಒಂದು ಸೂತ್ರ ಬೇಕು. ಜನಸಂಖ್ಯೆ ಎಷ್ಟು, ಒಳಚರಂಡಿ ಇಲ್ಲದ ಮನೆ ಎಷ್ಟು, ರಸ್ತೆ ಎಷ್ಟು ಕಿಲೋಮೀಟರ್, ಹೀಗೆ ಎಲ್ಲರಿಗೂ ಕಾಣುವ ಸೂತ್ರ. ಸೂತ್ರ ಇಲ್ಲದಿದ್ದರೆ ಬಾಗಿಲು ಬಡಿದವರಿಗೆ ಜಾಸ್ತಿ ಸಿಗುತ್ತದೆ.

ಯಲಹಂಕ ವಿದ್ಯಾರ್ಥಿನಿ

ನಾನು ಬಿ.ಕಾಂ. ಕೊನೆಯ ವರ್ಷ. ಉತ್ತರ ಪಾಲಿಕೆಯ ಪುಸ್ತಕ ಬಂದ ಕೂಡಲೇ ನಾನು ಓದಿ ಇಲ್ಲಿ ಹಾಕುತ್ತೇನೆ. ಟೀಚರ್, ಇನ್ನೂರು ಮುನ್ನೂರು ಪುಟ ಇರುತ್ತದಂತೆ. ಮೊದಲು ಯಾವ ಪುಟ ತೆಗೆಯಲಿ?

ವಿಜಯನಗರ ಟೀಚರ್

ಭಾಷಣದ ಪುಟಗಳನ್ನು ಕೊನೆಗೆ ಇಟ್ಟುಕೋ. ಮೊದಲು ಆರಂಭಿಕ ಶಿಲ್ಕು, ಅಂದರೆ ವರ್ಷದ ಶುರುವಿಗೆ ಕೈಯಲ್ಲಿದ್ದ ದುಡ್ಡು ಎಷ್ಟು ನೋಡು. ಆಮೇಲೆ ಸ್ವೀಕೃತಿ ಪಟ್ಟಿಯಲ್ಲಿ ಆಸ್ತಿ ತೆರಿಗೆಯ ಸಾಲು. ಹೋದ ವರ್ಷ ಬರೆದ ಅಂದಾಜು, ನಿಜವಾಗಿ ಬಂದದ್ದು, ಈ ವರ್ಷದ ಅಂದಾಜು, ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೋ. ಖರ್ಚಿನ ಕಡೆ ಹೊಸ ಕಾಮಗಾರಿಗೆ ಮುಂಚೆ ಮುಂದುವರಿದ ಕಾಮಗಾರಿಗಳ ಸಾಲು ಹುಡುಕು. ಹಳೇ ಬಾಕಿ ಅಡಗಿರುವುದು ಅಲ್ಲೇ. ಮೊದಲ ವರ್ಷ ಆದ್ದರಿಂದ ಹೋಲಿಸಲು ಹಳೇ ಬಿಬಿಎಂಪಿಯ ವಲಯವಾರು ಅಂಕಿ ಬೇಕಾಗುತ್ತದೆ, ನನ್ನ ಹತ್ತಿರ ಇರುವಷ್ಟನ್ನು ಕಳಿಸುತ್ತೇನೆ.

ಪಶ್ಚಿಮ ನನ್ನದು. ಪೂರ್ವಕ್ಕೆ ಮಹದೇವಪುರದವರು, ಕೇಂದ್ರಕ್ಕೆ ತಾತ, ದಕ್ಷಿಣಕ್ಕೆ ಜಯನಗರದವರು ಒಪ್ಪಿದರೆ ಐದೂ ಆಯಿತು.

ಜಯನಗರ ಹಳಬ

ಒಪ್ಪಿದೆ. ಮೊಮ್ಮಗನ ಕೈಲಿ ಪುಸ್ತಕ ಇಳಿಸಿಕೊಳ್ಳುತ್ತೇನೆ.

ಕಲಬುರಗಿ ಹುಡುಗ

ಟೀಚರ್, ನಾನು ಇರುವ ಬೊಮ್ಮನಹಳ್ಳಿಯೂ ದಕ್ಷಿಣದಲ್ಲೇ ಬರುತ್ತದೆ. ಜಯನಗರದ ಸರ್‌ಗೆ ಎಕ್ಸೆಲ್ ಕೆಲಸ ನಾನು ಮಾಡಿಕೊಡುತ್ತೇನೆ. ಜೊತೆಗೆ ಕಲಬುರಗಿ ಪಾಲಿಕೆಯ ಪುಸ್ತಕವನ್ನೂ ಇದೇ ಥರ ಓದಿ ಹಾಕಲಾ?

ವಿಜಯನಗರ ಟೀಚರ್

ಹಾಕಪ್ಪ. ಅದಕ್ಕೆ ಬೇರೆ ಚರ್ಚೆ ಶುರು ಮಾಡು, ನಾನೂ ಬರುತ್ತೇನೆ.